ಗಾಡಿ ಕಾಯ್ತೈತಿ, ಕಾಕಾ!

ಪುಣೆ ದ್ವಿಚಕ್ರ ವಾಹನಗಳ ಊರೆಂಬುದು ಹಳೆಯ ಮಾತು. ಸೈಕಲ್ಲುಗಳ ಕಾಲದಲ್ಲಿ ಆ ಮಾತು ಹೇಗೆ ಸಲ್ಲುತ್ತಿತ್ತೋ ಈಗಲೂ ಹಾಗೆಯೇ ಸಲ್ಲುತ್ತದೆ. ಧಾರವಾಡ, ಬೆಳಗಾವಿ, ವಿಜಾಪುರಗಳ ಕಡೆಯಿಂದ ಬಂದು ಇಲ್ಲಿ ಬಿಡಾರ ಹೂಡಿದ ನಮ್ಮಂಥ ಸಂಸಾರಗಳಿಗೆ ಮೊದಲು ಒದಗಿದ ಸ್ಥಿರಾಸ್ತಿಯೇ ಸ್ಕೂಟರು. ಅದು ಚರಾಸ್ತಿಯಲ್ಲವೇ ಎಂದು ಕೇಳುವವರು, ಮಳೆಗಾಲದ ಮುಂಜಾನೆ ಅದನ್ನು ಒದ್ದು ಚಾಲೂ ಮಾಡಿದವರಲ್ಲವೆಂದೇ ನಾವು ತಿಳಿಯುತ್ತೇವೆ.

ಆ ಸ್ಕೂಟರಿಗೆ ನೂರೆಂಟು ರೋಗಗಳಿದ್ದವು, ನಿಜ. ಆದರೆ ಸಿಗ್ನಲ್ಲಿನಲ್ಲಿ ನಿಂತಾಗ ಕಾಲು ಸುಡುತ್ತದೆಂಬ ದೂರನ್ನು ನಾವು ಎಂದೂ ಕೇಳಿರಲಿಲ್ಲ. ಕಾರಣ ಸರಳವಾದದ್ದು. ೧೯೭೨ರಲ್ಲಿ ಬಂದ ಚೇತಕ್ ಮೊದಲಾದ ಆ ಸ್ಕೂಟರುಗಳ ಎಂಜಿನ್ನಿಗೆ ಒಂದು ಮುಸುಕು, ಅದರೊಳಗೆ ಒಂದು ಬೀಸಣಿಗೆ. ಎಂಜಿನ್ ತಿರುಗುವಷ್ಟು ಹೊತ್ತೂ, ಗಾಡಿ ನಿಂತಿರಲಿ ಓಡುತ್ತಿರಲಿ, ಬೀಸಣಿಗೆ ಗಾಳಿ ಹಾಕುತ್ತಲೇ ಇರುತ್ತಿತ್ತು. ಮೋಟರ್ ಸೈಕಲ್ಲಿಗೆ ಈ ಉಪಚಾರವಿಲ್ಲ. ಗಾಳಿಯಿಂದಲೇ ತಣಿಯಬೇಕಾದ ಎಂಜಿನ್ನಿನ ಮೈಮೇಲೆ ರೆಕ್ಕೆಗಳಂಥ ಅಲ್ಯೂಮಿನಿಯಂ ಪಟ್ಟಿಗಳಿರುತ್ತವೆ; ಗಾಡಿ ಓಡಿದರೆ ಗಾಳಿ, ನಿಂತರೆ ಇಲ್ಲ. ಇಷ್ಟನ್ನು ಓದುಗರು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಕಥೆ ಸುಲಭವಾಗುತ್ತದೆ.

ನಮ್ಮ ಅಣ್ಣನ ಮಗ ಹಿಂಜವಡಿಯ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದಾನೆ. ಊಟ, ವಸತಿ ನಮ್ಮಲ್ಲಿಯೇ. ೨೦೨೧ರಲ್ಲಿ ಸಾಲ ಮಾಡಿ ಒಂದು ಸಿಲಿಂಡರಿನ ದೊಡ್ಡ ಮೋಟರ್ ಸೈಕಲ್ ಕೊಂಡ. ಗಾಡಿಯ ಜೊತೆಗೆ ಮನೆಯೊಳಗೆ ಹೊಸ ಶಬ್ದಗಳೂ ಬಂದವು: ಮ್ಯಾಪು, ಟ್ಯೂನಿಂಗು, ಲೀನು, ರಿಚ್ಚು. "ಗಾಡಿ ಪೂರಾ ಲೀನ್ ಐತಿ" ಎಂದು ಅವನು ಒಂದು ದಿನ ಊಟದ ಹೊತ್ತಿಗೆ ಹೇಳಿದಾಗ ನಮ್ಮ ಮನೆಯವರು, "ಯಾರಾಗ ಲೀನ ಆಗೇತಪಾ?" ಎಂದು ಭಕ್ತಿಯಿಂದಲೇ ಕೇಳಿದರು.

ಲೀನ್ ಎಂದರೆ ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ. ರಿಚ್ ಎಂದರೆ ಪೆಟ್ರೋಲು ಹೆಚ್ಚು. ಒಂದು ತೂಕ ಪೆಟ್ರೋಲು ಪೂರ್ಣವಾಗಿ ಉರಿಯಬೇಕಾದರೆ ೧೪.೭ ತೂಕ ಗಾಳಿ ಬೇಕು. ಹಿಂದೆ ಈ ಬೆರಕೆಯ ಕೆಲಸವನ್ನು ಕಾರ್ಬ್ಯುರೇಟರು ನೋಡಿಕೊಳ್ಳುತ್ತಿತ್ತು; ಮೈಸೂರಿನ ಜಾವಾ ಇಟ್ಟುಕೊಂಡಿದ್ದ ನಮ್ಮ ಸೋದರಮಾವನಂಥವರು ಜೇಬಿನಲ್ಲಿ ಸ್ಕ್ರೂಡ್ರೈವರ್ ಇಟ್ಟುಕೊಂಡೇ ಮದುವೆಗೂ ಹೋಗುತ್ತಿದ್ದರು. ಈಗ ಆ ಕೆಲಸ ಕಂಪ್ಯೂಟರಿನದು. ನಮ್ಮ ದೇಶದ ಬೈಕುಗಳಲ್ಲಿ ೨೦೦೬ರಲ್ಲಿ ಹೀರೋ ಹೊಂಡಾದ ಗ್ಲ್ಯಾಮರ್ ಎಫ್‌ಐ ಮೂಲಕ ಕಾಣಿಸಿಕೊಂಡ ಈ ಇಂಧನ ಇಂಜೆಕ್ಷನ್ ಪದ್ಧತಿ, ೨೦೨೦ರ ಏಪ್ರಿಲ್ ೧ರಂದು ಬಿಎಸ್-೬ ನಿಯಮ ಬಂದ ಮೇಲೆ ಸಾಮಾನ್ಯ ಗಾಡಿಗಳಿಗೂ ಬಂತು. ಗಾಳಿ ಎಷ್ಟು ಬಿಸಿ, ಎಂಜಿನ್ ಎಷ್ಟು ಬಿಸಿ, ಸವಾರ ಎಷ್ಟು ಕಿವಿ ಹಿಂಡಿದ್ದಾನೆ ಎಂಬುದನ್ನೆಲ್ಲ ಸೆನ್ಸರುಗಳಿಂದ ತಿಳಿದುಕೊಂಡು, ಇಂಜೆಕ್ಟರಿನ ಬಾಯಿ ಎಷ್ಟು ಮಿಲಿಸೆಕೆಂಡು ತೆರೆದಿರಬೇಕೆಂದು ಕಂಪ್ಯೂಟರು ನಿರ್ಧರಿಸುತ್ತದೆ. ಸೈಲೆನ್ಸರಿನ ಕೊಳವೆಯಲ್ಲಿ ಕುಳಿತ ಆಕ್ಸಿಜನ್ ಸೆನ್ಸರು, "ಹೆಚ್ಚಾಯಿತು, ಕಡಿಮೆಯಾಯಿತು" ಎಂದು ಅತ್ತೆಯಂತೆ ಕ್ಷಣಕ್ಷಣಕ್ಕೂ ವರದಿ ಒಪ್ಪಿಸುತ್ತಿರುತ್ತದೆ. ಸಮವೇಗದಲ್ಲಿ ಹೋಗುವಾಗಲೂ ನಿಂತಲ್ಲಿ ಗುಡುಗುಡಿಸುವಾಗಲೂ ಕಂಪ್ಯೂಟರು ಈ ಅತ್ತೆಯ ಮಾತು ಕೇಳಿ ಮಿಶ್ರಣವನ್ನು ೧೪.೭ರ ಆಸುಪಾಸಿನಲ್ಲಿಯೇ ಇಡುತ್ತದೆ. ಪೂರ್ತಿ ವೇಗ ಕೊಟ್ಟಾಗ ಮಾತ್ರ ಅತ್ತೆಯನ್ನು ಬದಿಗಿಟ್ಟು ಸ್ವಲ್ಪ ಧಾರಾಳವಾಗಿ ಪೆಟ್ರೋಲು ಬಿಡುತ್ತದೆ.

೧೪.೭ರ ಹಟವೇಕೆ? ಹೊಗೆಯ ವಿಷವನ್ನು ಕಳೆಯುವ ಕ್ಯಾಟಲಿಟಿಕ್ ಕನ್ವರ್ಟರು ಆ ಅಳತೆಯ ಹತ್ತಿರದಲ್ಲಿ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ, ಅದಕ್ಕೆ. ಆದರೆ ಎಂಜಿನ್ನಿಗೆ ಹೆಚ್ಚು ಶಕ್ತಿ ಬರುವುದೂ ಮೈ ತಂಪಾಗಿರುವುದೂ ಇನ್ನಷ್ಟು ರಿಚ್ ಆದಾಗ, ಸುಮಾರು ೧೩ರ ಹತ್ತಿರ. ಇದನ್ನು ನಮ್ಮ ಮನೆಯವರಿಗೆ ವಿವರಿಸಲು ಹೋದ ಹುಡುಗ ಗ್ರಾಫು, ಬಾಣದ ಗುರುತು ಎಲ್ಲ ಬರೆದ. ಅವರು ಮಧ್ಯದಲ್ಲಿಯೇ ತಡೆದು, "ನಮ್ಮ ಗ್ಯಾಸಿನ ಒಲಿ ಹಂಗ ಬಿಡಪಾ. ನೀಲಿ ಉರಿ ಇದ್ದರ ಹಂಚು ಲಗೂನ ಕಾಯ್ತದ. ಹಳದಿ ಉರಿ ಇದ್ದರ ಕಾವು ಕಡಿಮಿ, ಪಾತ್ರಿ ತಳ ಎಲ್ಲಾ ಮಸಿ" ಎಂದರು. ವಿಷಯವನ್ನು ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾವು ಕಂಡಿಲ್ಲ. ಆ ಮಸಿ ಯಾವ ಪಾತ್ರೆಗೆ ಹತ್ತುತ್ತದೆ ಎಂಬುದಷ್ಟೇ ಉಳಿದ ಪ್ರಶ್ನೆ.

ನಮ್ಮ ಹುಡುಗ ದೀಪಾವಳಿಯ ಬೋನಸ್ಸಿನಲ್ಲಿ ಗಾಡಿಯ ಸೈಲೆನ್ಸರನ್ನು ಬದಲಿಸಿ, ಕನ್ವರ್ಟರು ಇಲ್ಲದ, ಜೋರಾಗಿ ಗುಡುಗುವ ಬೇರೊಂದನ್ನು ಹಾಕಿಸಿದ್ದ. ಗಾಳಿ ಸೋಸುವ ಫಿಲ್ಟರನ್ನೂ ಬದಲಿಸಿದ. ಎಂಜಿನ್ನಿನೊಳಗೆ ಗಾಳಿಯ ಹೋಗು-ಬರುವು ಹೆಚ್ಚಿತು. ಕಂಪ್ಯೂಟರಿನ ಲೆಕ್ಕ ಮಾತ್ರ ಹಳೆಯ ಸೈಲೆನ್ಸರಿನದೇ. ವೇಗ ಇಳಿಸಿದಾಗೆಲ್ಲ ಪಟಪಟನೆ ಪಟಾಕಿ. ೨೦೨೪ರ ಮಾರ್ಚ್ ತಿಂಗಳಲ್ಲಿ ಬಿಸಿಲೇರುತ್ತಿದ್ದಂತೆ ವಾಕಡ್‌ನಿಂದ ಹಿಂಜವಡಿಯವರೆಗಿನ ವಾಹನಗಳ ಜಾತ್ರೆಯಲ್ಲಿ ದಿನಾ ಮುಕ್ಕಾಲು ಗಂಟೆ ತೆವಳಿ ಬಂದು, ಬಲಗಾಲಿನ ಮೀನಖಂಡಕ್ಕೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತ, "ಗಾಡಿ ಭಾಳ ಕಾಯ್ತೈತಿ, ಕಾಕಾ" ಎನ್ನತೊಡಗಿದ. "ನೀನೂ ಕಾಯ್ತೀಯಲ್ಲಪಾ ಸಿಗ್ನಲ್ಲಿನ್ಯಾಗ" ಎಂದೆವು. ಅವನಿಗೆ ನಗು ಬರಲಿಲ್ಲ.

ಗೆಳೆಯರು ಔಷಧಿ ಹೇಳಿದರು. ಮೊದಲನೆಯದು ಬಡವರ ಔಷಧಿ, ಬೆರಳಿನಷ್ಟು ದೊಡ್ಡದು. ಒಳಗೆ ಇರುವುದು ಒಂದು ರೆಸಿಸ್ಟರು. ಗಾಳಿಯ ಉಷ್ಣತೆ ಹೇಳುವ ಸೆನ್ಸರಿನ ತಂತಿಗೆ ಅದನ್ನು ಸೇರಿಸಿದರೆ, ಗಾಳಿ ಇದ್ದುದಕ್ಕಿಂತ ತಣ್ಣಗಿದೆಯೆಂದು ಕಂಪ್ಯೂಟರಿಗೆ ಸುಳ್ಳು ಸುದ್ದಿ ಹೋಗುತ್ತದೆ. ತಣ್ಣನೆಯ ಗಾಳಿ ಸಾಂದ್ರವಾದದ್ದು. ಅದಕ್ಕೆ ತಕ್ಕಂತೆ ಪೆಟ್ರೋಲು ಹೆಚ್ಚು ಬಿಡಬೇಕೆಂದು ಕಂಪ್ಯೂಟರು ನಂಬುತ್ತದೆ. ಆದರೆ ಅತ್ತೆಯನ್ನು ಮರೆಯಬಾರದು. ಹೊಗೆಕೊಳವೆಯಲ್ಲಿ ಕುಳಿತಾಕೆ "ಪೆಟ್ರೋಲು ಹೆಚ್ಚಾಯಿತು" ಎಂದು ಕೂಗಿದ ಮೇಲೆ ಕಂಪ್ಯೂಟರು ಮತ್ತೆ ಹಿಡಿತಕ್ಕೆ ಬರುತ್ತದೆ. ಹುಡುಗನಿಗೆ ಮೊದಲ ದಿನ ಸ್ವರ್ಗ ಸಿಕ್ಕಿತ್ತು, ವಾರದೊಳಗೆ ಯಥಾಸ್ಥಿತಿ.

ಎರಡನೆಯದು ಸಾಹುಕಾರರ ಔಷಧಿ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಕಪ್ಪು ಪೆಟ್ಟಿಗೆ. ಬೆಲೆ ನಮ್ಮ ತಿಂಗಳ ಕಿರಾಣಿಗಿಂತ ಹೆಚ್ಚು. ಇದು ಕಂಪ್ಯೂಟರಿಗೂ ಇಂಜೆಕ್ಟರಿಗೂ ನಡುವೆ ಕುಳಿತು, ಅಲ್ಲಿಂದ ಬಂದ ಆಜ್ಞೆಯನ್ನು ತಿದ್ದಿ ಇಲ್ಲಿಗೆ ದಾಟಿಸುತ್ತದೆ. ಆಕ್ಸಿಜನ್ ಸೆನ್ಸರಿನ ವರದಿಯನ್ನೂ ತಿದ್ದುತ್ತದೆ. ಅಂದರೆ ಅತ್ತೆಯ ಬಾಯನ್ನೇ ಕಟ್ಟಿದ ಹಾಗೆ.

ಈ ವಿದ್ಯೆಯನ್ನು ನಾವು ಹೀಗಳೆಯುವುದಿಲ್ಲ. ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಓಟದ ಮೈದಾನದಂಥ ಕಡೆ ಓಡುವವರಿಗೆ ಇದು ಬೇಕು. ಗಾಡಿಯನ್ನು ಡೈನೋ ಎಂಬ ಉರುಳೆಯ ಮೇಲೆ ಏರಿಸಿ, ನಿಖರವಾದ ಸೆನ್ಸರಿನಿಂದ ಹೊಗೆಯನ್ನು ಅಳೆಯುತ್ತ, ಒಂದೊಂದು ವೇಗಕ್ಕೂ ಮಿಶ್ರಣವನ್ನು ಕೂಡಿಸುವ ಬಲ್ಲವರಿದ್ದಾರೆ. ಎಂಜಿನ್ನಿಗೆ ಗಾಳಿ ಹೆಚ್ಚಿಸಿದ ಮೇಲೆ ಪೆಟ್ರೋಲನ್ನೂ ಹೆಚ್ಚಿಸದಿದ್ದರೆ, ಪೂರ್ತಿ ವೇಗದಲ್ಲಿ ಓಡುವಾಗ ಪಿಸ್ಟನ್ನು, ವಾಲ್ವುಗಳು ಬೆಂದು ಹೋಗುವ ಭಯವೂ ಇದೆ. ನಮ್ಮವನಿಗೂ ಸಾತಾರೆಯ ಕಡೆಯ ಬಯಲು ರಸ್ತೆಯಲ್ಲಿ ಲಾಭ ಕಂಡಿತು. ಪಟಾಕಿ ನಿಂತಿತು, ಎಳೆತ ಹೆಚ್ಚಿತು. ಆದರೆ ಅವನು ಪೆಟ್ಟಿಗೆ ಕೊಂಡದ್ದು ಬಯಲು ರಸ್ತೆಗಲ್ಲ, ಹಿಂಜವಡಿಗೆ. ಅಲ್ಲಿ ಕಾಲು ಸುಡುವುದು ತಪ್ಪಲಿಲ್ಲ.

ತಪ್ಪುವುದಾದರೂ ಹೇಗೆ? ಪೆಟ್ರೋಲಿನ ಒಟ್ಟು ಶಾಖದಲ್ಲಿ ಚಕ್ರವನ್ನು ತಿರುಗಿಸಲು ಒದಗುವುದು ಹೆಚ್ಚುಕಡಿಮೆ ಕಾಲು ಭಾಗ. ಉಳಿದದ್ದು ಹೊಗೆಯೊಡನೆಯೂ ಎಂಜಿನ್ನಿನ ಮೈಯಿಂದಲೂ ಹೊರಗೆ ಹೋಗಬೇಕು. ನಿಂತ ಗಾಡಿಯಲ್ಲಿ ಹುಟ್ಟುವ ಶಾಖ ಕಡಿಮೆಯೇ. ಅದನ್ನು ಒಯ್ಯುವ ಗಾಳಿಯೇ ಇಲ್ಲ. ಮಿಶ್ರಣವನ್ನು ಎಷ್ಟು ರಿಚ್ ಮಾಡಿದರೂ ಪೆಟ್ಟಿಗೆಯೊಳಗಿಂದ ಗಾಳಿ ಹುಟ್ಟಲಾರದು. ಇತ್ತ ಲೀಟರಿಗೆ ೩೪ ಕಿಲೋಮೀಟರು ಕೊಡುತ್ತಿದ್ದ ಗಾಡಿ ೨೯ಕ್ಕೆ ಇಳಿಯಿತು. ಪಿಯುಸಿ ತಪಾಸಣೆಯವನು ಕೊಳವೆಗೆ ಕಡ್ಡಿ ತೂರಿಸಿ ನೋಡಿ, ಕಾರ್ಬನ್ ಮಾನಾಕ್ಸೈಡ್ ಮಿತಿ ಮೀರಿದೆಯೆಂದು ಚೀಟಿ ಕೊಡದೆ ಕಳುಹಿಸಿದ. ಮಸಿ ಹತ್ತಿದ ಪಾತ್ರೆ ಯಾವುದೆಂದು ಅಲ್ಲಿಗೆ ಗೊತ್ತಾಯಿತು. ನಿಂತ ಜಾತ್ರೆಯಲ್ಲಿ ಇವನ ಸೈಲೆನ್ಸರಿನ ಹಿಂದೆಯೇ, ಮುಂದೆ ಮಗುವನ್ನು ಕೂರಿಸಿಕೊಂಡ ಇನ್ನೊಂದು ಸ್ಕೂಟಿ ನಿಂತಿರುತ್ತದೆ. ಗಾಡಿಗಳ ಹೊಗೆಯನ್ನು ಪರೀಕ್ಷಿಸಿ ಒಪ್ಪಿಗೆ ಕೊಡುವ ಸಂಸ್ಥೆ, ೧೯೬೬ರಲ್ಲಿ ಹುಟ್ಟಿದ ಎಆರ್‌ಎಐ, ನಮ್ಮ ಪುಣೆಯಲ್ಲಿಯೇ, ಕೋಥ್ರೂಡಿನ ಗುಡ್ಡದ ಮೇಲೆ ಇದೆ. ಗುಡ್ಡದ ಮೇಲೆ ಅಳೆದು ಕಳುಹಿಸಿದ್ದನ್ನು ಗುಡ್ಡದ ಕೆಳಗೆ ಬಿಚ್ಚಿ ಹಾಕುತ್ತೇವೆ. ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮು ಇಂಥ ಬದಲಾವಣೆಗೆ ಅಡ್ಡಿಯಾಗಿದೆಯೆಂಬುದನ್ನು ಸೈಲೆನ್ಸರ್ ಮಾರುವ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ಪೆಟ್ರೋಲಿನ ವಿಷಯವನ್ನೂ ಒಂದು ಮಾತಿನಲ್ಲಿ ಹೇಳಬೇಕು. ೨೦೨೩ರಿಂದ ಪಂಪುಗಳಿಗೆ ಬರತೊಡಗಿದ ಶೇಕಡಾ ೨೦ ಎಥೆನಾಲ್ ಬೆರೆತ ಪೆಟ್ರೋಲಿಗೆ ೧೪.೭ ಅಲ್ಲ, ಸುಮಾರು ೧೩.೫ ತೂಕ ಗಾಳಿ ಸಾಕು. ಎಥೆನಾಲಿನೊಳಗೇ ಆಮ್ಲಜನಕವಿದೆ. ಹಳೆಯ ಕಾರ್ಬ್ಯುರೇಟರಿಗೆ ಇದು ತಿಳಿಯದು, ಆದ್ದರಿಂದ ಅದರ ಎಂಜಿನ್ ಇನ್ನಷ್ಟು ಲೀನ್ ಆಗುತ್ತದೆ. ಆಕ್ಸಿಜನ್ ಸೆನ್ಸರ್ ಉಳ್ಳ ಗಾಡಿ ತಾನೇ ಅರಿತು ಸರಿಪಡಿಸಿಕೊಳ್ಳುತ್ತದೆ. ಬಾಯಿ ಕಟ್ಟಿಸಿಕೊಂಡ ಅತ್ತೆ ಅದನ್ನೆಲ್ಲ ಯಾರಿಗೆ ಹೇಳಬೇಕು?

ಮೇ ತಿಂಗಳಲ್ಲಿ ಹುಡುಗ ರಜೆ ಹಾಕಿ ಧಾರವಾಡಕ್ಕೆ ಗಾಡಿಯ ಮೇಲೆಯೇ ಹೊರಟ. ಕಾತ್ರಜ್ ದಾಟಿ ಖಂಬಾಟ್ಕಿ ಘಾಟು ಏರುವಾಗ ಎಂಜಿನ್ನಿನಿಂದ ಕಟಕಟ ಸಪ್ಪಳ ಬಂತು, ಎಳೆತ ಹೋಯಿತು. ಪುಣ್ಯಕ್ಕೆ ಅವನು ಹಟ ಮಾಡದೆ ಬದಿಗೆ ನಿಲ್ಲಿಸಿದ. ಬಿಸಿಯಿಂದ ಹಿಗ್ಗಿದ ಪಿಸ್ಟನ್ನು ಸಿಲಿಂಡರಿನಲ್ಲಿ ಸಿಕ್ಕಿಕೊಂಡರೆ ಹಿಂದಿನ ಚಕ್ರ ಒಮ್ಮೆಗೇ ಬಿಗಿದು ನಿಲ್ಲುತ್ತದೆ. ಹಿಂದೆ ಲಾರಿಗಳ ಸಾಲು. ಊರಿನಿಂದ ಅತ್ತಿಗೆಯವರ ಫೋನು ನಮಗೆ ಬಂತು. "ಆ ಪೆಟಿಗಿ ಕಿತ್ತು ಒಗೀ ಅಂತ ಹೇಳ್ರಿ ಭಾವಾ, ನಿಮ್ಮ ಮಾತು ಕೇಳ್ತಾನ" ಎಂದು ಅಳುವ ದನಿಯಲ್ಲಿ ಹೇಳಿದರು. ಆ ಸಂಜೆ ಅವನು ಮುಟ್ಟಿದ ಸುದ್ದಿ ಬರುವವರೆಗೆ ನಮ್ಮ ಮನೆಯಲ್ಲಿ ಯಾರೂ ಟಿ.ವಿ. ಹಚ್ಚಲಿಲ್ಲ.

ಗಾಡಿ ಆರಿದ ಮೇಲೆ ಅವನು ಮೆಲ್ಲಗೆ ಸಾತಾರೆ ಸೇರಿ ಒಬ್ಬ ಮುದಿ ಮೆಕ್ಯಾನಿಕನನ್ನು ಹಿಡಿದ. ಆತ ಪೆಟ್ಟಿಗೆಯ ಕಡೆ ನೋಡಲೇ ಇಲ್ಲವಂತೆ. ಎಣ್ಣೆಯ ಮಟ್ಟ ನೋಡಿದ: ಕೆಳಗಿನ ಗುರುತಿಗೂ ಕೆಳಗೆ. ಗಾಳಿಯಿಂದ ತಣಿಯುವ ಎಂಜಿನ್ನಿನಲ್ಲಿ ಒಳಗಿನ ಬಿಸಿಯನ್ನು ಹೊರಮೈಗೆ ತರುವುದು ಎಣ್ಣೆಯೇ. ಹಿಂದಿನ ಮಳೆಗಾಲದ ಕೆಸರು ಎಣ್ಣೆಯ ಜಿಡ್ಡಿನೊಡನೆ ಸೇರಿ ರೆಕ್ಕೆಗಳ ಸಂದಿನಲ್ಲಿ ಗೋಡೆಗಿಲಾವಿನಂತೆ ಗಟ್ಟಿಯಾಗಿತ್ತು. ಟ್ಯಾಪೆಟ್ಟುಗಳ ಸಂದು ಇರಬೇಕಾದುದಕ್ಕಿಂತ ಬಿಗಿ; ವಾಲ್ವು ಪೂರ್ತಿ ಕೂಡ್ರದಿದ್ದರೆ ತನ್ನ ಬಿಸಿಯನ್ನು ಅದು ಇಳಿಸಿಕೊಳ್ಳಲಾರದು. ಸೀಮೆಎಣ್ಣೆಯಲ್ಲಿ ಬ್ರಷ್ ಅದ್ದಿ ರೆಕ್ಕೆ ಉಜ್ಜುತ್ತ ಆತ, "ಇಂಜಿನ್‌ಲಾ ಶ್ವಾಸ ಘೇಊ ದೇ, ಬಾಳಾ" ಎಂದನಂತೆ. ಎಂಜಿನ್ನಿಗೆ ಉಸಿರಾಡಲು ಬಿಡು, ಮಗೂ. ಎರಡು ಸರ್ವಿಸುಗಳನ್ನು ಏಕೆ ತಪ್ಪಿಸಿದೆಯೆಂದು ನಾವು ಆಮೇಲೆ ಕೇಳಿದೆವು. "ರೊಕ್ಕ ಪೆಟಿಗಿಗೆ ಹೋಗಿತ್ತಲ್ರಿ ಕಾಕಾ" ಎಂದ.

ಕಂಪನಿಯ ಸೈಲೆನ್ಸರು ನಮ್ಮ ಮಂಚದ ಕೆಳಗೇ ಇತ್ತು. ಜೂನ್ ತಿಂಗಳಲ್ಲಿ ಗಾಡಿಗೆ ಮರಳಿತು. ಪೆಟ್ಟಿಗೆಯನ್ನು ಬಿಚ್ಚಿದ ಮೇಲೆ ಪಿಯುಸಿ ಚೀಟಿಯೂ ಸಿಕ್ಕಿತು. ಹಿಂಜವಡಿಯಲ್ಲಿ ಗಾಡಿ ಈಗಲೂ ಕಾಯುತ್ತದೆ, ಇಲ್ಲವೆಂದು ಹೇಳಲಾರೆವು. ಉದ್ದನೆಯ ಸಿಗ್ನಲ್ಲಿನಲ್ಲಿ ಎಂಜಿನ್ ಆರಿಸುತ್ತಾನೆ, ದಪ್ಪ ಜೀನ್ಸ್ ಹಾಕುತ್ತಾನೆ, ಆಫೀಸಿಗೆ ಅರ್ಧ ಗಂಟೆ ಮೊದಲೇ ಹೊರಡುತ್ತಾನೆ. ಮೊನ್ನೆ ದೀಪಾವಳಿಗೆ ಧಾರವಾಡಕ್ಕೆ ಹೋಗುವ ಮುನ್ನ ನಮ್ಮ ಮನೆಯವರ ಹಳೆಯ ಹಲ್ಲುಜ್ಜುವ ಬ್ರಷ್ಷುಗಳನ್ನೆಲ್ಲ ಕೇಳಿ ಪಡೆದು, ಪಾರ್ಕಿಂಗಿನಲ್ಲಿ ಕುಳಿತು ರೆಕ್ಕೆಗಳನ್ನು ಉಜ್ಜುತ್ತಿದ್ದ. ಪೆಟ್ಟಿಗೆಯನ್ನು ಅರ್ಧ ಬೆಲೆಗೆ ಕೊಳ್ಳಲು ಅವನ ಆಫೀಸಿನ ಒಬ್ಬ ಹುಡುಗ ಎರಡು ಸಲ ಬಂದು ಹೋಗಿದ್ದಾನೆ. ನಮ್ಮ ಮನೆಯವರು ಅವನಿಗೆ ಚಹಾ ಕೊಟ್ಟು, ಮೊದಲು ಎಣ್ಣಿ ಎಷ್ಟೈತಿ ನೋಡಿ ಬಾ ಎಂದು ಎರಡು ಸಲವೂ ವಾಪಸು ಕಳುಹಿಸಿದ್ದಾರೆ.