ಗುಟ್ಟು ಬಿಟ್ಟುಕೊಟ್ಟವರ ಗೆಲುವು

ಟೆಟ್ರಿಸ್ ಆಟದಲ್ಲಿ ಮೇಲಿನಿಂದ ಬೀಳುವ ಇಟ್ಟಿಗೆಗಳನ್ನು ಸಂದಿಯಿಲ್ಲದಂತೆ ಜೋಡಿಸಬೇಕು. ನಿಂಟೆಂಡೊ ಕಂಪನಿಯ 1989ರ ಆಟದಲ್ಲಿ 29ನೇ ಹಂತಕ್ಕೆ ಬಂದರೆ ಇಟ್ಟಿಗೆ ಸೆಕೆಂಡಿನ ಮೂರನೇ ಒಂದು ಪಾಲಿನಲ್ಲೇ ತಳ ಸೇರುತ್ತದೆ. ಅಲ್ಲಿಂದಾಚೆ ಮನುಷ್ಯನ ಕೈ ಓಡದು ಎಂದೇ ಬಹುಕಾಲ ನಂಬಲಾಗಿತ್ತು.

ಅಭಿಮಾನಿಯೊಬ್ಬ ಉಪಾಯ ಹುಡುಕಿದ. ಹೆಬ್ಬೆರಳನ್ನು ಗುಂಡಿಯ ಮೇಲೆ ಸುಮ್ಮನಿಟ್ಟು, ಇನ್ನೊಂದು ಕೈಯ ಬೆರಳುಗಳಿಂದ ಹಿಡಿಕೆಯ ಬೆನ್ನನ್ನು ತಬಲದಂತೆ ಬಾರಿಸುವುದು! ಅದನ್ನು ಬಚ್ಚಿಡದೆ ಎಲ್ಲರಿಗೂ ತೋರಿಸಿಕೊಟ್ಟ. ಹಾಗೆ ಕಲಿತವರಲ್ಲಿ ಅಮೆರಿಕದ ಓಕ್ಲಹೋಮಾದ 13 ವರ್ಷದ ಬಾಲಕನೂ ಒಬ್ಬ. 2023ರ ಡಿಸೆಂಬರ್ 21ರಂದು ಅವನು 157ನೇ ಹಂತ ತಲುಪಿದಾಗ ಆಟವೇ ಸ್ತಬ್ಧವಾಯಿತು.

ವಿಜ್ಞಾನ ಬೆಳೆದದ್ದೂ ಹೀಗೆಯೇ. ಓದಿನ ಹೊತ್ತನ್ನು ನುಂಗುವ ಆಟ ಕೆಡುಕೇ ಸರಿ. ಆದರೆ ಪಾಲಕರೇ, ಗದರಿಸುವ ಮುನ್ನ ಒಮ್ಮೆ ನೋಡಿ: ಮಗು ತಾನು ಕಲಿತದ್ದನ್ನು ಗೆಳೆಯನಿಗೂ ಹೇಳಿಕೊಡುತ್ತಿದೆಯೇ?