ನೇಕಾರರ ಮನೆಯಲ್ಲಿ ಮೂರು ರಾತ್ರಿ

ಪರದೇಶಕ್ಕೆ ಹೋಗಿಬಂದವರು ಅರಮನೆ, ಸೇತುವೆ, ವಸ್ತುಸಂಗ್ರಹಾಲಯಗಳನ್ನು ವರ್ಣಿಸುವುದು ವಾಡಿಕೆ. ಲಂಡನ್ನಿನಲ್ಲಿ ನಾವೂ ಅವನ್ನೆಲ್ಲ ನೋಡಿದೆವು; ಆದರೆ ಅವುಗಳ ವಿಷಯವನ್ನು ನನಗಿಂತ ಚೆನ್ನಾಗಿ ಬರೆದವರು ಎಷ್ಟೋ ಮಂದಿ ಇದ್ದಾರೆ. ನಾನು ಹೇಳಹೊರಟಿರುವುದು ಒಂದು ಚಿಕ್ಕ ಮನೆಯ ವಿಷಯ. 2023ರ ಅಕ್ಟೋಬರಿನಲ್ಲಿ ನಾನೂ ನನ್ನ ಮಡದಿಯೂ ಅಲ್ಲಿ ಮೂರು ರಾತ್ರಿ ಕಳೆದೆವು.

ಗ್ಲಾಸ್ಟರ್‌ಶೈರಿನ ಬೈಬರಿ ಎಂಬುದು ಕೋಲ್ನ್ ಎಂಬ ಕಿರುಹೊಳೆಯ ದಂಡೆಯ ಹಳ್ಳಿ. ಸೈರೆನ್ಸೆಸ್ಟರ್ ಪಟ್ಟಣದಿಂದ ಸುಮಾರು 11 ಕಿಲೋಮೀಟರ್. ಕಾಟ್ಸ್‌ವೋಲ್ಡ್ಸ್ ಎಂಬ ಆ ಗುಡ್ಡಸೀಮೆಯಲ್ಲಿ ನೆಲದಡಿ ಜೇನುಬಣ್ಣದ ಸುಣ್ಣಕಲ್ಲು ಸಿಗುತ್ತದೆ. ಗೋಡೆಯೂ ಅದರದೇ, ಮಾಡಿನ ಹೊದಿಕೆಯೂ ಅದರದೇ. ಕೆಳಗಿನ ಅಂಚಿಗೆ ದೊಡ್ಡ ಕಲ್ಲುಬಿಲ್ಲೆ, ಮೇಲೆ ಹೋದಂತೆ ಚಿಕ್ಕವು, ನೆತ್ತಿಯಲ್ಲಿ ಅಂಗೈಯಗಲದವು. ಬೈಬರಿಯೇ ಇಂಗ್ಲೆಂಡಿನ ಅತ್ಯಂತ ಸುಂದರವಾದ ಹಳ್ಳಿಯೆಂದು ವಿಲಿಯಂ ಮಾರಿಸ್ ಕೊಂಡಾಡಿದನೆಂಬುದು ಪ್ರಸಿದ್ಧವಾದ ಮಾತು. ಹಳೆಯ ಕಟ್ಟಡಗಳ ರಕ್ಷಣೆಗಾಗಿ 1877ರಲ್ಲಿ ಸಂಘವೊಂದನ್ನು ಸ್ಥಾಪಿಸಿದ ಕವಿ ಅವನು. ಸ್ವತಃ ನೇಯ್ಗೆಯನ್ನೂ ಬಲ್ಲವನು.

ಅಲ್ಲಿ ಹೊಳೆಯ ಮಗ್ಗುಲಲ್ಲಿ ಆರ್ಲಿಂಗ್ಟನ್ ರೋ ಎಂಬ ಸಾಲುಮನೆಗಳಿವೆ. ಅವೀಗ ನ್ಯಾಷನಲ್ ಟ್ರಸ್ಟ್ ಎಂಬ, 1895ರಲ್ಲಿ ಹುಟ್ಟಿದ ಸಂಸ್ಥೆಯ ಸ್ವತ್ತು. ಉಳಿದ ಮನೆಗಳಲ್ಲಿ ಬಾಡಿಗೆಯ ಸಂಸಾರಗಳಿವೆ. 9ನೆಯ ನಂಬರಿನ ಮನೆಯನ್ನು ಮಾತ್ರ ರಜೆಯಲ್ಲಿ ಬರುವವರಿಗೆ ಕೊಡುತ್ತಾರೆ. ಬರ್ಮಿಂಗ್‌ಹ್ಯಾಮಿನಲ್ಲಿ ನೌಕರಿಯಲ್ಲಿರುವ ನಮ್ಮ ಮಗಳು ಅದನ್ನು ಗೊತ್ತುಮಾಡಿ, ಕಾರಿನಲ್ಲಿ ತಂದು ಬಿಟ್ಟು, "ಅಪ್ಪಾ, ಇದು ನಿಮಗಂತನ ಹುಡುಕೀನಿ" ಎಂದು ಹೇಳಿ ಹೊರಟುಹೋದಳು. ಅದರ ಅರ್ಥ ನನಗೆ ಆಗ ತಿಳಿಯಲಿಲ್ಲ.

ಒಳಗೆ ಕಾಲಿಡುತ್ತಲೇ ತೊಲೆಗೆ ಹಣೆ ಬಡಿಯಿತು. ಹಿಂದಿನಿಂದ ನನ್ನ ಮಡದಿ, "ತಲಿ ಬಗ್ಗಿಸಿ ಬರ್ರೀ, ನೇಕಾರರ ಮನಿ ಅಂತ ಇದು" ಎಂದು ನಕ್ಕಳು. ಮೇಜಿನ ಮೇಲಿದ್ದ ಪರಿಚಯದ ಹಾಳೆಗಳನ್ನು ನನಗಿಂತ ಮೊದಲೇ ಓದಿಬಿಟ್ಟಿದ್ದಳು. ನಾನು ಅಕ್ಕಲಕೋಟೆಯ ನೇಕಾರನ ಮಗ. ನಮ್ಮ ತಂದೆಯವರು 1974ರವರೆಗೆ ಕುಣಿಮಗ್ಗದ ಮೇಲೆ ಸೀರೆ ನೇಯ್ದವರು. ನಮ್ಮ ಮಾಳಿಗೆಮನೆಯ ಬಾಗಿಲೂ ಹೀಗೆಯೇ ಕುಳ್ಳು. ಬಗ್ಗದೆ ಒಳಹೊಕ್ಕ ನೆಂಟರಿಲ್ಲ.

ಈ ಸಾಲು ಮೊದಲು ಮನೆಗಳಾಗಿರಲಿಲ್ಲ. ಸುಮಾರು 1380ರಲ್ಲಿ ಇದನ್ನು ಕ್ರೈಸ್ತ ಮಠದ ಉಣ್ಣೆಯ ಉಗ್ರಾಣವಾಗಿ ಕಟ್ಟಿದರು. ಅಂದಿನ ಇಂಗ್ಲೆಂಡಿನ ಸಿರಿತನವೆಲ್ಲ ಕುರಿಯ ಬೆನ್ನಿನ ಮೇಲಿತ್ತೆನ್ನಬಹುದು. ಅವರ ಪಾರ್ಲಿಮೆಂಟಿನ ಮೇಲ್ಮನೆಯಲ್ಲಿ ಅಧ್ಯಕ್ಷರು ಇಂದಿಗೂ ಉಣ್ಣೆ ತುಂಬಿದ ಕೆಂಪು ದಿಂಬಾಸನದ ಮೇಲೆ ಕೂರುತ್ತಾರೆ. 17ನೆಯ ಶತಮಾನದಲ್ಲಿ ಈ ಉಗ್ರಾಣವನ್ನು ಅಡ್ಡಗೋಡೆಗಳಿಂದ ವಿಂಗಡಿಸಿ ನೇಕಾರರ ಮನೆಗಳನ್ನಾಗಿ ಮಾಡಿದರು. ನೇಯ್ದ ಬಟ್ಟೆಯನ್ನು ಹತ್ತಿರದ ಆರ್ಲಿಂಗ್ಟನ್ ಗಿರಣಿಗೆ ಒಯ್ದು, ಜಿಡ್ಡು ತೆಗೆದು ಹದಮಾಡಿಸಿ, ಮನೆಯೆದುರಿನ ಜೌಗು ಹುಲ್ಲುಗಾವಲಿನಲ್ಲಿ ಮರದ ಚೌಕಟ್ಟುಗಳ ಮೇಲೆ ಒಣಗಹಾಕುತ್ತಿದ್ದರು. ಆ ಚೌಕಟ್ಟುಗಳಿಂದಲೇ ಗಾವಲಿಗೆ ರ‍್ಯಾಕ್ ಐಲ್ ಎಂಬ ಹೆಸರು ನಿಂತಿದೆ. ಈಗ ಅಲ್ಲಿ ಚೌಕಟ್ಟುಗಳಿಲ್ಲ, ನೀರುಹಕ್ಕಿಗಳಿವೆ.

ಮರುದಿನ ಮುಂಜಾನೆ ಕಿಟಕಿಯ ದಪ್ಪ ಕಲ್ಲಿನ ಅಂಚಿನ ಮೇಲೆ ಚಹಾದ ಬಟ್ಟಲಿಟ್ಟು ಆ ಹುಲ್ಲನ್ನೇ ನೋಡುತ್ತ ಕುಳಿತೆ. ನಸುಕಿನಲ್ಲಿ ನಮ್ಮ ಓಣಿಯುದ್ದಕ್ಕೂ ಹಾಸು ಹರವಿ, ಗಂಜಿ ಹಚ್ಚಿ, ಕುಂಚದಿಂದ ತೀಡುತ್ತಿದ್ದ ಗಂಡಸರು ನೆನಪಾದರು. ದನಗಳು ತುಳಿದಾವೆಂದು ಹುಡುಗರಾದ ನಮ್ಮನ್ನು ಎರಡೂ ತುದಿಗೆ ಕಾವಲು ನಿಲ್ಲಿಸುತ್ತಿದ್ದರು.

ಈ ಮನೆಯವರಿಗೂ ನಮ್ಮವರಿಗೂ ಒಂದು ಹಳೆಯ ವ್ಯಾಜ್ಯವುಂಟು. 17ನೆಯ ಶತಮಾನದ ಕೊನೆಯಲ್ಲಿ ಹಿಂದುಸ್ಥಾನದ ಅಚ್ಚಿನ ಹತ್ತಿಬಟ್ಟೆಗೆ ಇಂಗ್ಲೆಂಡು ಮರುಳಾಯಿತು. ಉಣ್ಣೆಯನ್ನು ಉಳಿಸಿಕೊಳ್ಳಲು ಅವರು ಮಾಡದ ಉಪಾಯವಿಲ್ಲ. ಶವವನ್ನು ಉಣ್ಣೆಯ ಬಟ್ಟೆಯಲ್ಲಿಯೇ ಹೂಳಬೇಕೆಂಬ ಕಾಯಿದೆ ಆ ಮೊದಲೇ ಇತ್ತು. ನಮ್ಮ ಕಡೆಯ ಅಚ್ಚಿನ ಬಟ್ಟೆ ಆಮದಾಗಬಾರದೆಂದು 1700ರಲ್ಲಿ ಒಂದು ಕಾಯಿದೆ, ಅಂಥದನ್ನು ಉಡಲೇಬಾರದೆಂದು 1721ರಲ್ಲಿ ಇನ್ನೊಂದು. 1719ರಲ್ಲಿ ಲಂಡನ್ನಿನ ನೇಕಾರರು ಬೀದಿಗಿಳಿದು ಹೆಂಗಸರ ಮೈಮೇಲಿನ ಅಚ್ಚಿನ ಬಟ್ಟೆಯನ್ನೇ ಹರಿದುಹಾಕಿದರು. ಓದುವಾಗ ಸಿಟ್ಟು ಬರುತ್ತದೆ. ಆದರೆ ಆ ಕುಳ್ಳು ತೊಲೆಯ ಕೆಳಗೆ ಕುಳಿತಾಗ ನನ್ನ ಸಿಟ್ಟು ನಿಲ್ಲಲಿಲ್ಲ. ಒಲೆ ಆರೀತೆಂಬ ಭಯ ನಮ್ಮ ತಂದೆಯವರ ಮುಖದಲ್ಲೂ ನಾನು ಕಂಡದ್ದೇ. ಕೊನೆಗೆ ಗೆದ್ದವರು ಇವರೂ ಅಲ್ಲ, ನಾವೂ ಅಲ್ಲ. ಲ್ಯಾಂಕಾಶೈರಿನ ಯಂತ್ರದ ಹತ್ತಿಬಟ್ಟೆ ನಮ್ಮ ಓಣಿಗಳನ್ನು ಹಾಳುಮಾಡಿತು. ಯಾರ್ಕ್‌ಶೈರಿನ ಉಣ್ಣೆಯ ಗಿರಣಿಗಳು ಈ ಸೀಮೆಯ ಕೈಮಗ್ಗಗಳನ್ನು ಮೂಲೆಗೊತ್ತಿದವು.

ಹಗಲಿನಲ್ಲಿ ಆ ಮನೆಯಲ್ಲಿ ನೆಮ್ಮದಿಯಿಲ್ಲವೆಂಬುದನ್ನೂ ಹೇಳಿಬಿಡಬೇಕು. ಹತ್ತು ಗಂಟೆಯಾಯಿತೆಂದರೆ ಪ್ರವಾಸಿಗಳ ಬಸ್ಸುಗಳು ಬಂದವು. ಇದು ಜನ ವಾಸಿಸುವ ಮನೆಯೆಂಬುದನ್ನು ಮರೆತು ಕಿಟಕಿಗೆ ಮೂಗು ಹಚ್ಚಿ ನೋಡುವವರೇ ಬಹಳ. ನನ್ನ ಮಡದಿ ಊರಿನಿಂದ ತಂದ ರವೆಯಿಂದ ಉಪ್ಪಿಟ್ಟು ಕೆದಕುತ್ತಿದ್ದಾಗ ಗಾಜಿನಾಚೆ ಒಂದು ಕ್ಯಾಮೆರಾ ಎದ್ದಿತು. ಸೆರಗು ಸರಿಪಡಿಸಿಕೊಂಡು, ಪರದೆ ಎಳೆದು, "ಉಪ್ಪಿಟ್ಟೂ ಐತಿಹಾಸಿಕ ಆತು ನೋಡ್ರಿ" ಎಂದಳು. ಆ ಕಡೆಯ ಹಳೆಮನೆಗಳ ಮೋಹ ಎಂಥದೆಂದರೆ, ನೆರೆಯ ಚೆಡ್‌ವರ್ತ್ ಹಳ್ಳಿಯ ಮನೆಯೊಂದನ್ನು ಅಮೆರಿಕದ ಮೋಟಾರು ತಯಾರಕ ಹೆನ್ರಿ ಫೋರ್ಡ್ 1930ರಲ್ಲಿ ಕಲ್ಲುಕಲ್ಲಾಗಿ ಬಿಚ್ಚಿಸಿ, ಹಡಗಿನಲ್ಲಿ ಸಾಗಿಸಿ, ಮಿಷಿಗನ್ನಿನ ತನ್ನ ಸಂಗ್ರಹಾಲಯದಲ್ಲಿ ಮತ್ತೆ ಕಟ್ಟಿಸಿದ. ನಾನಾದರೆ ಮನೆಯನ್ನು ಅದರ ಹೊಳೆಯಿಂದ ಬಿಡಿಸಿ ಒಯ್ಯಲಾರೆ.

ಕತ್ತಲಾದೊಡನೆ ಬಸ್ಸುಗಳು ಹೋದವು. ಬಾತುಕೋಳಿಗಳ ಸದ್ದು, ನೀರಿನ ಸದ್ದು ಮಾತ್ರ ಉಳಿದವು. ಕೊನೆಯ ರಾತ್ರಿ ನನ್ನ ಮಡದಿ ನೆಲದ ಕಡೆ ನೋಡುತ್ತ, "ಇವರ ಮಗ್ಗ ಎಲ್ಲಿ ಇತ್ತೋ ಏನೋ" ಎಂದಳು. ಮನೆಯೊಳಗೆ ನೇಯ್ಗೆಯ ಗುರುತು ನಮ್ಮ ಕಣ್ಣಿಗೆ ಏನೂ ಬಿದ್ದಿರಲಿಲ್ಲ. ನಮ್ಮ ಮನೆಯಲ್ಲಿ ಆ ಗುರುತು ಇತ್ತು. ಬೆಳಕಿಂಡಿಯ ಕೆಳಗೆ, ತಂದೆಯವರು ಕಾಲಿಳಿಬಿಟ್ಟು ಕೂರುತ್ತಿದ್ದ ಕುಣಿ. ಅದರ ಅಂಚು ಅವರ ತೊಡೆಯ ಉಜ್ಜಿಗೆ ನುಣುಪಾಗಿತ್ತು. ಮೊಮ್ಮಗು ಬಿದ್ದೀತು, ಮಣ್ಣು ತುಂಬಿ ಫರಸಿ ಹಾಕಿಸುತ್ತೇನೆಂದು ತಮ್ಮ ಕೇಳಿದಾಗ, ಇಂಗ್ಲೆಂಡಿಗೆ ಹೊರಡುವ ಗಡಿಬಿಡಿಯಲ್ಲಿ "ಆಗಲಿ" ಎಂದಿದ್ದವನು ನಾನೇ.

ಊರಿನಲ್ಲಿ ಆಗ ರಾತ್ರಿ ಹನ್ನೊಂದೂವರೆ. ಆದರೂ ಫೋನು ಮಾಡಿದೆ. "ಕುಣಿ ಮುಚ್ಚಿಸಬ್ಯಾಡಪಾ, ಮ್ಯಾಲೆ ಹಲಗಿ ಹಾಕಿದರ ಸಾಕು, ನಾ ಬಂದ ಮ್ಯಾಲೆ ನೋಡೂಣು" ಎಂದೆ.

ತಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದ. "ಅಣ್ಣಾ, ಹ್ವಾದ ಸೋಮವಾರನ ಮುಚ್ಚಿಸೀನಲ್ಲೋ. ನೀನ ಹೂಂ ಅಂದಿದ್ದಿ" ಎಂದ. ಆಮೇಲೆ, "ಲಾಳಿ ಎರಡು ಸಿಕ್ಕಾವ. ತಗದಿಟ್ಟೀನಿ" ಎಂದ.

ಬೆಳಿಗ್ಗೆ ಮಗಳು ಬರುವ ಮುನ್ನ ಅತಿಥಿಗಳ ಪುಸ್ತಕದಲ್ಲಿ ಕನ್ನಡದಲ್ಲಿಯೇ ನಮ್ಮ ಹೆಸರು ಬರೆದು, ಊರು ಅಕ್ಕಲಕೋಟೆಯೆಂದೂ ಮನೆತನದ ಕಸುಬು ನೇಯ್ಗೆಯೆಂದೂ ಬರೆದೆ. ಹೊರಡುವಾಗ ಮತ್ತೆ ತೊಲೆಗೆ ಹಣೆ ಬಡಿಯಿತು.