ಆರ್‌ಎಸ್ ಕೊಟ್ಟು ಎಲೆಕ್ಟ್ರಿಕ್ ತಗೊಳ್ಳೋದಾ?

ನನ್ನ ಆಕ್ಟೇವಿಯಾ ಆರ್‌ಎಸ್ 245 ಮಾರಿ ಬಿವೈಡಿ ಸೀಲ್ ತಗೋ ಅಂತ ಗೆಳೆಯರು ಹೇಳ್ತಿದ್ದಾರೆ. ಅಂಕಿಗಳೂ ಅವರ ಪರವೇ. ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗ ಮುಟ್ಟೋಕೆ ಆರ್‌ಎಸ್‌ಗೆ 6.6 ಸೆಕೆಂಡು ಬೇಕು. ಸೀಲ್‌ನ ಪರ್ಫಾರ್ಮೆನ್ಸ್ ಮಾದರಿಗೆ 3.8 ಸಾಕು. ಟರ್ಬೊ ತಿರುಗಿ ಬಲ ಬರಲಿ ಅಂತ ಕಾಯೋದೂ ಇಲ್ಲ, ಮೋಟಾರು ಮೊದಲ ಕ್ಷಣದಿಂದಲೇ ಪೂರ್ತಿ ಟಾರ್ಕ್ ಕೊಡುತ್ತೆ.

ಆದರೆ ವೇಗ ಬೇರೆ, ಓಡಿಸುವ ಸುಖ ಬೇರೆ. ಸೀಲ್‌ನ ಈ ಪರ್ಫಾರ್ಮೆನ್ಸ್ ಮಾದರಿಯ ತೂಕ ಎರಡು ಟನ್ ದಾಟುತ್ತೆ. ಬ್ಯಾಟರಿ ನೆಲಮಟ್ಟದಲ್ಲಿರೋದರಿಂದ ಕಾರು ಅಷ್ಟಾಗಿ ವಾಲಲ್ಲ, ನಿಜ. ಆದರೂ ಚಾರ್ಮಾಡಿ ಘಾಟಿಯ ತಿರುವಿಗೆ ಮುಂಚೆ ಬ್ರೇಕ್ ಒತ್ತಿದಾಗ ಆ ಭಾರವನ್ನೆಲ್ಲ ಟೈರುಗಳೇ ತಡೀಬೇಕು. ಹಗುರ ಕಾರು ತಿರುವಿನಿಂದ ತಿರುವಿಗೆ ಚುರುಕಾಗಿ ಹೊರಳುತ್ತೆ. ಗೇರ್ ಇಳಿಸಿದಾಗ ಏರುವ ಇಂಜಿನ್ ಸದ್ದು ಕೂಡ ನನಗೆ ಮುಖ್ಯ, ವೇಗದ ಅಂದಾಜು ಕಿವಿಗೇ ಸಿಗುತ್ತೆ.

ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್‌ನ ಟ್ರಾಫಿಕ್‌ನಲ್ಲಿ ಲೆಕ್ಕ ತಿರುಗುಮುರುಗು. ನಿಂತಲ್ಲೇ ಪೆಟ್ರೋಲ್ ಸುಡುತ್ತೆ; ಎಲೆಕ್ಟ್ರಿಕ್ ಕಾರಿಗೆ ಎ.ಸಿ.ಗೆ ಬೇಕಾದಷ್ಟು ಕರೆಂಟ್ ಸಾಕು, ಬ್ರೇಕ್ ಒತ್ತಿದಾಗ ಒಂದಿಷ್ಟು ಬ್ಯಾಟರಿಗೆ ವಾಪಸ್ಸೂ ಬರುತ್ತೆ.

ಹಾಗಾಗಿ ನನ್ನ ನಿರ್ಧಾರ: 2020ರಲ್ಲಿ ಭಾರತಕ್ಕೆ ಬಂದದ್ದೇ 200 ಆರ್‌ಎಸ್ 245, ಅದನ್ನ ಮಾರಲ್ಲ. ಆಫೀಸಿಗೆ ಓಡಾಡೋಕೆ ಒಂದು ಚಿಕ್ಕ ಎಲೆಕ್ಟ್ರಿಕ್ ತಗೋತೀನಿ. ನಿಮಗೆ ಒಂದೇ ಕಾರು ಇಡೋಕೆ ಸಾಧ್ಯ, ದಿನವೂ ಸಿಟಿಯಲ್ಲೇ ಓಡಾಟ, ಪಾರ್ಕಿಂಗ್ ಜಾಗದಲ್ಲೇ ಚಾರ್ಜರ್ ಹಾಕಿಸಬಹುದು ಅಂದ್ರೆ ಯೋಚನೆ ಬೇಡ, ಧೈರ್ಯವಾಗಿ ಎಲೆಕ್ಟ್ರಿಕ್‌ಗೇ ಹೋಗಿ.